ಗುರುವಿನ ತುಂಬಾ ಜಲಜನಕ, ಹಂಗಾದ್ರೆ ನಕ್ಷತ್ರದ ಕಬ್ಬಿಣ ಯಾಕೆ ಲೆಕ್ಕಕ್ಕೆ ಬರುತ್ತೆ?

ತೋಳಹುಣಸೆ ಬಸ್
ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು, ಬಿಎಸ್ಸಿ ಕೊನೇ ವರ್ಷ. ಸೆಮಿನಾರಿಗೆ ಬಾಹ್ಯಗ್ರಹಗಳ (ಸೂರ್ಯನನ್ನ ಬಿಟ್ಟು ಬೇರೆ ನಕ್ಷತ್ರಗಳ ಸುತ್ತೋ ಗ್ರಹಗಳ) ವಿಷಯ ತಗೊಂಡಿದೀನಿ, ಒಂದು ಕಡೆ ಸಿಕ್ಕಾಕ್ಕೊಂಡಿದೀನಿ. ಕಬ್ಬಿಣ ಜಾಸ್ತಿ ಇರೋ ನಕ್ಷತ್ರಗಳ ಸುತ್ತಾನೇ ಗುರುವಿನಂಥ ದೈತ್ಯ ಗ್ರಹಗಳು ಹೆಚ್ಚು ಸಿಗ್ತವೆ ಅಂತ ಎಲ್ಲಾ ಕಡೆ ಇದೆ. ಆದ್ರೆ ಗುರು ಅಂದ್ರೇನೇ ಜಲಜನಕ, ಹೀಲಿಯಂ. ಅವೆರಡೂ ಯಾವ ನಕ್ಷತ್ರ ಹುಟ್ಟುವಾಗ್ಲೂ ಬೇಕಾದಷ್ಟು ಇರ್ತವೆ. ಕಬ್ಬಿಣ, ಕಲ್ಲು ಜಾಸ್ತಿ ಇದ್ರೆ ಭೂಮಿಯಂಥವು ಜಾಸ್ತಿ ಆಗ್ಬೇಕಲ್ವಾ? ಗುರು ಯಾಕೆ? ಗೈಡ್ ಸರ್ ಹತ್ರ ಕೇಳಿದ್ರೆ "ಇನ್ನೂ ಓದು" ಅಂದ್ರು. ಓದಿದ್ದಕ್ಕೇ ಈ ಅನುಮಾನ ಬಂದಿರೋದು.

ಹಳೇಪೇಟೆ ಮಂಡಕ್ಕಿ
ಜ್ಯೋತಿಷ್ಯದಾಗ ಗುರುವಿಗೆ ಬಂಗಾರ, ಶನಿಗೆ ಕಬ್ಬಿಣ. ನಿಮ್ಮ ವಿಜ್ಞಾನಿಗಳು ಜಾತಕಾನೇ ಉಲ್ಟಾ ಮಾಡ್ಯಾರ ಬಿಡ್ರಿ.

ಕುಂದವಾಡ ವಾಕಿಂಗ್
ಪ್ರಶ್ನೆ ಚೆನ್ನಾಗಿದೆ. ಉತ್ತರ ಗೊತ್ತಿಲ್ಲ, ಕೂತು ಓದ್ತೀನಿ.

ಜೋಗಿಮಟ್ಟಿ ಗಾಳಿ
ತಮ್ಮಾ, ಗುರು ಯಾವುದರಿಂದ ಆಗಿದೆ ಅನ್ನೋದು ಒಂದು, ಅದು ಬೆಳೆಯೋಕೆ ಶುರುವಾಗಿದ್ದು ಯಾವುದರಿಂದ ಅನ್ನೋದು ಇನ್ನೊಂದು. ನಿನ್ನ ತೊಡಕೆಲ್ಲಾ ಇವೆರಡನ್ನ ಸೇರಿಸಿರೋದ್ರಲ್ಲೇ ಇದೆ.

ಒಂದು ಸಣ್ಣ ಲೆಕ್ಕ ಹಾಕು. ಸೂರ್ಯನ ತೂಕ ಸುಮಾರು 3,33,000 ಭೂಮಿಗಳಷ್ಟು. ಎಳೆ ನಕ್ಷತ್ರದ ಸುತ್ತ ತಿರುಗೋ ಅನಿಲ ಮತ್ತು ಧೂಳಿನ ತಟ್ಟೆ ನಕ್ಷತ್ರದ ತೂಕದ ಶೇ. 1 ಅಂತ ಇಟ್ಕೋ, 3,330 ಭೂಮಿ ಆಯ್ತು. ಅದರಲ್ಲಿ ಗಟ್ಟಿ ಪದಾರ್ಥ, ಅಂದ್ರೆ ಕಲ್ಲು, ಕಬ್ಬಿಣ, ಹಿಮ ಎಲ್ಲಾ ಸೇರಿ, ನೂರಕ್ಕೆ ಒಂದು ಪಾಲು. ಅಲ್ಲಿಗೆ ಸುಮಾರು 33 ಭೂಮಿ. ಅದೂ ಇಡೀ ತಟ್ಟೆಗೆ ಹರಡ್ಕೊಂಡಿರುತ್ತೆ. ಗುರು 318 ಭೂಮಿಗಳಷ್ಟು ತೂಕದ ಗ್ರಹ. ಅಷ್ಟು ಅನಿಲಾನ ಎಳ್ಕೊಂಡು ಹಿಡಿದಿಟ್ಕೋಬೇಕು ಅಂದ್ರೆ ಮೊದಲು ಸುಮಾರು 10 ಭೂಮಿ ತೂಕದ ಗಟ್ಟಿ ತಿರುಳು ಬೇಕು. ಇರೋ 33ರಲ್ಲಿ 10ನ್ನ ಒಂದೇ ಕಡೆ ಗುಡ್ಡೆ ಹಾಕೋದು ಅಂದ್ರೆ ಹುಡುಗಾಟ ಅಲ್ಲ. ಇನ್ನು ನಕ್ಷತ್ರದಲ್ಲಿ ಭಾರದ ಧಾತುಗಳು ಸೂರ್ಯನಲ್ಲಿರೋದರ ಅರ್ಧ ಅಂದ್ರೆ, ತಟ್ಟೇಲೂ ಅರ್ಧವೇ. 16ರಲ್ಲಿ 10 ತೆಗಿ ನೋಡೋಣ.

ಅದರ ಮೇಲೆ ಗಡುವು ಬೇರೆ. ತಟ್ಟೆಯ ಅನಿಲ ಶಾಶ್ವತ ಅಲ್ಲ. ಸುಮಾರು 30 ಲಕ್ಷ ವರ್ಷಕ್ಕೆ ಅರ್ಧಕ್ಕರ್ಧ ನಕ್ಷತ್ರಗಳ ತಟ್ಟೆ ಕರಗಿ ಹೋಗಿರುತ್ತೆ, ಒಂದು ಕೋಟಿ ವರ್ಷ ದಾಟಿ ಉಳ್ಕೊಳ್ಳೋದು ಅಪರೂಪ. ಸಂತೆಗೆ ಹೋಲಿಸು: ಸರಕು ರಾಶಿ ಬಿದ್ದಿದೆ, ಆದ್ರೆ ಹೊತ್ತು ಮುಳುಗೋದ್ರೊಳಗೆ ಬಂಡವಾಳ ಹೊಂದಿಸ್ಕೊಂಡು ಬಂದವನಿಗಷ್ಟೇ ಅದು ದಕ್ಕೋದು. ಸರಕು ಅನಿಲ, ಬಂಡವಾಳ ತಿರುಳು. ಬಂಡವಾಳ ಒಂದು ಮಟ್ಟ ಮುಟ್ಟಿದ ಮೇಲೆ ವ್ಯಾಪಾರ ಓಡುತ್ತೆ, ಸುತ್ತಲಿನ ಅನಿಲವೆಲ್ಲಾ ಕಡಿಮೆ ಸಮಯದಲ್ಲಿ ಬಂದು ಸೇರುತ್ತೆ.

ತೋಳಹುಣಸೆ ಬಸ್
ಸರ್, ತಡವಾದವರ ಕಥೆ ಏನು?

ಜೋಗಿಮಟ್ಟಿ ಗಾಳಿ
ಯುರೇನಸ್, ನೆಪ್ಚೂನ್. 14.5 ಮತ್ತು 17 ಭೂಮಿ ತೂಕ. ತಿರುಳು ಇದೆ, ಅನಿಲ ಮಾತ್ರ ಅಲ್ಪಸ್ವಲ್ಪ. ಅವು ತಡವಾಗಿ ಬೆಳೆದಿದ್ದಕ್ಕೇ ಅಷ್ಟಕ್ಕೆ ನಿಂತವು ಅನ್ನೋದು ಹೆಚ್ಚಿನವರು ಒಪ್ಪೋ ವಿವರಣೆ.

ಅನುಮಾನದ ಪಕ್ಷ
ಎಲ್ಲರೂ ತಲೆ ಅಲ್ಲಾಡಿಸೋಕೆ ಮುಂಚೆ ಒಂದು ಮಾತು. ಕಬ್ಬಿಣ ಇರೋ ನಕ್ಷತ್ರದ ಬೆಳಕಲ್ಲಿ ರೋಹಿತದ ಗೆರೆಗಳು (ಬೆಳಕನ್ನ ಬಣ್ಣಗಳಾಗಿ ಬಿಡಿಸಿದಾಗ ಕಾಣೋ ಕಪ್ಪು ಗೆರೆಗಳು) ಜಾಸ್ತಿ ಮತ್ತು ಗಾಢ. ಗ್ರಹ ಎಳೆಯೋದ್ರಿಂದ ನಕ್ಷತ್ರ ಓಲಾಡುತ್ತೆ, ಆ ಓಲಾಟ ಅಳೆಯೋದು ಈ ಗೆರೆಗಳಿಂದಲೇ. ಅಂದ್ಮೇಲೆ ಕಬ್ಬಿಣ ಇರೋ ಕಡೆ ಗ್ರಹ ಸಲೀಸಾಗಿ ಸಿಗುತ್ತೆ, ಇಲ್ಲದ ಕಡೆ ಕಾಣಲ್ಲ, ಅಷ್ಟೆ. ಅದೂ ಅಲ್ಲದೆ ಎನ್2ಕೆ ಅಂತ ಒಂದು ತಂಡ ಬೇಕಂತಲೇ ಕಬ್ಬಿಣ ಜಾಸ್ತಿ ಇರೋ ನಕ್ಷತ್ರಗಳನ್ನೇ ಆರಿಸಿ ಹುಡುಕಿತ್ತು. ಹುಡುಕಿದ ಕಡೆ ಸಿಕ್ಕಿದೆ. ಇದರಲ್ಲಿ ಪ್ರಕೃತಿಯ ನಿಯಮ ಎಲ್ಲಿಂದ ಬಂತು?

ಹಳೇಪೇಟೆ ಮಂಡಕ್ಕಿ
ಬಂದ್ರಪಾ ನಮ್ಮ ವಿರೋಧ ಪಕ್ಷದ ನಾಯಕರು 😄

ರೋಹಿತದ ಗೆರೆ
ಹಿರಿಯೂರಿನವಳು, ಈಗ ಬೆಂಗಳೂರಲ್ಲಿ ನಕ್ಷತ್ರಗಳ ರೋಹಿತಗಳ ಜೊತೆಗೇ ಕೆಲಸ. ಅನುಮಾನದ ಪಕ್ಷದವರು ಎತ್ತಿರೋ ಆಕ್ಷೇಪಣೆ ಹಗುರದ್ದಲ್ಲ, ಈ ವಿಷಯದಲ್ಲಿ ಕೆಲಸ ಮಾಡಿದವರೂ ಮೊದಲು ಕೇಳಿಕೊಂಡಿದ್ದು ಅದನ್ನೇ.

ಕ್ರಮವಾಗಿ ಹೇಳ್ತೀನಿ. 1995ರಲ್ಲಿ ಮೇಯರ್ ಮತ್ತು ಕ್ವೆಲೋ 51 ಪೆಗಾಸಿ ಅನ್ನೋ ನಕ್ಷತ್ರದ ಸುತ್ತ ಗುರುವಿನ ಅರ್ಧ ತೂಕದ ಗ್ರಹ ಕಂಡುಹಿಡಿದರು (2019ರ ನೊಬೆಲ್ ಇದಕ್ಕೇ ಬಂದಿದ್ದು). ಎರಡೇ ವರ್ಷಕ್ಕೆ, 1997ರಲ್ಲಿ, ಗಿಯೆರ್ಮೊ ಗೊನ್ಜಾಲೆಜ್ ಅನ್ನೋರು ಗ್ರಹ ಇರೋ ನಕ್ಷತ್ರಗಳಲ್ಲಿ ಕಬ್ಬಿಣ ಜಾಸ್ತಿ ಕಾಣ್ತಿದೆ ಅಂತ ಗಮನಿಸಿದರು. ಆಗ ಕೈಯಲ್ಲಿದ್ದ ನಕ್ಷತ್ರಗಳೇ ಬೆರಳೆಣಿಕೆ, ಹಾಗಾಗಿ ಅನುಮಾನ ಪಟ್ಟವರೂ ಇದ್ದರು. ಆಮೇಲೆ ಸಾಂಟೋಸ್ ಮತ್ತು ಸಂಗಡಿಗರು ಗ್ರಹ ಸಿಗದ ನಕ್ಷತ್ರಗಳನ್ನೂ ಅದೇ ರೀತಿ ಅಳೆದು ಪಕ್ಕದಲ್ಲಿಟ್ಟು ಹೋಲಿಸಿದರು. 2005ರಲ್ಲಿ ಡೆಬ್ರಾ ಫಿಶರ್ ಮತ್ತು ಜೆಫ್ ವ್ಯಾಲೆಂಟಿ 1,040 ನಕ್ಷತ್ರಗಳ ಲೆಕ್ಕ ಕೊಟ್ಟರು. ಇವು ಎನ್2ಕೆ ಪಟ್ಟಿಯಂತೆ ಕಬ್ಬಿಣ ನೋಡಿ ಆರಿಸಿದವಲ್ಲ, ಕೆಕ್, ಲಿಕ್ ಮತ್ತು ಆಂಗ್ಲೋ-ಆಸ್ಟ್ರೇಲಿಯನ್ ದೂರದರ್ಶಕಗಳಲ್ಲಿ ಮೊದಲಿಂದ ನೋಡ್ತಾ ಬಂದಿದ್ದವು. ಸೂರ್ಯನಿಗಿಂತ ಕಡಿಮೆ ಕಬ್ಬಿಣದವುಗಳಲ್ಲಿ ದೈತ್ಯ ಗ್ರಹ ಸಿಕ್ಕಿದ್ದು ಶೇ. 3ಕ್ಕಿಂತ ಕಡಿಮೆ. ಸೂರ್ಯನ ಎರಡರಷ್ಟು ಕಬ್ಬಿಣ ದಾಟಿದವುಗಳಲ್ಲಿ ಶೇ. 25. ಅವರು ಕೂರಿಸಿದ ಸೂತ್ರದಲ್ಲಿ ಸಂಭವ ಕಬ್ಬಿಣದ ವರ್ಗಕ್ಕೆ ಅನುಪಾತದಲ್ಲಿದೆ. ಕಬ್ಬಿಣ ಎರಡರಷ್ಟಾದರೆ ಸಂಭವ ನಾಲ್ಕರಷ್ಟು.

ಗೆರೆ ತೆಳುವಾದರೆ ಅಳತೆ ಮಂಕಾಗುತ್ತೆ ಅನ್ನೋದು ನಿಜ. ಆದ್ರೆ ಆ ಎಣಿಕೆಗೆ ತಗೊಂಡಿದ್ದು ನಕ್ಷತ್ರವನ್ನ ಸೆಕೆಂಡಿಗೆ 30 ಮೀಟರ್‌ಗಿಂತ ಜಾಸ್ತಿ ಓಲಾಡಿಸೋ ಗ್ರಹಗಳನ್ನ ಮಾತ್ರ. ಅಳತೆಯ ದೋಷ ಕೆಲವೇ ಮೀಟರ್. ಅಷ್ಟು ದೊಡ್ಡ ಓಲಾಟ ಕಬ್ಬಿಣ ಕಡಿಮೆ ಇರೋ ನಕ್ಷತ್ರದಲ್ಲೂ ಕಣ್ಣು ತಪ್ಪಿಸ್ಕೊಳ್ಳಲ್ಲ.

ತೋಳಹುಣಸೆ ಬಸ್
ಅಕ್ಕ, ಥ್ಯಾಂಕ್ಸ್! ಎಲ್ಲರೂ ಕಬ್ಬಿಣಾನೇ ಯಾಕೆ ಹಿಡ್ಕೊಂಡಿದಾರೆ? ತಿರುಳಿಗೆ ಬೇಕಿರೋದು ಹಿಮ, ಕಲ್ಲು ಅಂದ್ರಲ್ಲ ಸರ್.

ರೋಹಿತದ ಗೆರೆ
ಸುಲಭಕ್ಕೆ. ಸೂರ್ಯನಂಥ ನಕ್ಷತ್ರದ ಬೆಳಕಲ್ಲಿ ಕಬ್ಬಿಣದ ಗೆರೆಗಳು ಸಾವಿರಗಟ್ಟಲೆ ಇವೆ, ಅಳೆಯೋಕೆ ಅದರಷ್ಟು ಅನುಕೂಲದ ಧಾತು ಇನ್ನೊಂದಿಲ್ಲ. ಸಾಮಾನ್ಯವಾಗಿ ಕಬ್ಬಿಣ ಜಾಸ್ತಿ ಇದ್ದರೆ ಉಳಿದ ಭಾರದ ಧಾತುಗಳೂ ಜಾಸ್ತಿ ಇರ್ತವೆ, ಆದ್ದರಿಂದ ಅದನ್ನೇ ಗುರುತಾಗಿ ಇಟ್ಕೊಳ್ಳೋದು. ಖಗೋಳದವರ ಬಾಯಲ್ಲಿ ಹೀಲಿಯಂಗಿಂತ ಭಾರ ಇರೋದೆಲ್ಲಾ ಲೋಹವೇ, ಆಮ್ಲಜನಕವೂ ಸೇರಿ. ಸೂರ್ಯನ ಮೇಲ್ಪದರದಲ್ಲಿ ಇವೆಲ್ಲಾ ಸೇರಿದರೂ ತೂಕದಲ್ಲಿ ಶೇ. 1.4ರ ಹತ್ತಿರ, ಅದರಲ್ಲಿ ಆಮ್ಲಜನಕದ್ದೇ ದೊಡ್ಡ ಪಾಲು. ತಟ್ಟೆಯಲ್ಲಿ ನೀರು ಹಿಮವಾಗೋ ಗಡಿಯಿಂದ ಆಚೆಗೆ ಗಟ್ಟಿ ಪದಾರ್ಥ ಒಮ್ಮೆಲೇ ಹೆಚ್ಚುತ್ತೆ. ನಮ್ಮಲ್ಲಿ ಗುರು ಆ ಗಡಿಯ ಆಚೆ ಇರೋದು ಕಾಕತಾಳೀಯ ಅಂತ ಯಾರೂ ಅಂದ್ಕೊಂಡಿಲ್ಲ.

ಕಬ್ಬಿಣ ಕಡಿಮೆ ಇದ್ದೂ ಗ್ರಹಗಳಿರೋ ನಕ್ಷತ್ರಗಳನ್ನ ನೋಡಿದಾಗ ಮೆಗ್ನೀಸಿಯಂ, ಸಿಲಿಕಾನ್ ತಕ್ಕಮಟ್ಟಿಗೆ ಜಾಸ್ತಿ ಇರೋದು ಕಂಡುಬಂದಿದೆ. ಕಬ್ಬಿಣದ ಕೊರತೆಯನ್ನ ಅವು ತುಂಬಿಕೊಟ್ಟಂಗೆ.

ಭೀಮಸಮುದ್ರದ ಅಡಿಕೆ
ಕಬ್ಬಿಣ ಬೇಕಿದ್ರೆ ನಮ್ಮೂರಿಗೆ ಬನ್ನಿ ಅಣ್ಣ. ಗುಡ್ಡಗಳೇ ಕಬ್ಬಿಣ. ಅದಿರು ಲಾರಿ ಓಡಾಡಿ ಅಡಿಕೆ ಗರಿ ಮೇಲೆಲ್ಲಾ ಕೆಂಪು ಧೂಳು. ಇಷ್ಟು ಕಬ್ಬಿಣ ಇಟ್ಕೊಂಡೂ ನಮ್ಮ ಹತ್ರ ಒಂದು ಗುರು ಹುಟ್ಟಲಿಲ್ವಲ್ಲ.

ಚಳ್ಳಕೆರೆ ಶೇಂಗಾ
@ಭೀಮಸಮುದ್ರದ ಅಡಿಕೆ ಗುರು ಬೇಡ, ಮೊದಲು ರಸ್ತೆ ಹುಟ್ಟಲಿ.

ಜೋಗಿಮಟ್ಟಿ ಗಾಳಿ
ಆ ಕಬ್ಬಿಣದ ಕಥೆಯೂ ಸಣ್ಣದಲ್ಲ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಪದರ ಪದರವಾಗಿ ಕಾಣೋ ಕಬ್ಬಿಣದ ಕಲ್ಲು 250 ಕೋಟಿ ವರ್ಷಕ್ಕೂ ಹಳೇದು, ಆಗಿನ ಸಮುದ್ರದ ನೀರಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತು ಆಗಿದ್ದು. ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಇದೆಯಲ್ಲ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅದೂ ನೀರಿನಡಿ ಉಕ್ಕಿ ತಣಿದದ್ದು. ದುರ್ಗಕ್ಕೆ ಬಂದವರು ಕೋಟೆ ನೋಡಿ, ಓಬವ್ವನ ಕಿಂಡಿ ಹತ್ರ ಫೋಟೋ ತೆಗೆಸ್ಕೊಂಡು ಹೊರಟುಬಿಡ್ತಾರೆ, ಮರಡಿಹಳ್ಳಿ ಕಡೆ ಒಬ್ಬರೂ ತಿರುಗಲ್ಲ. ಆದ್ರೆ ಆ ಕಬ್ಬಿಣದ ಪರಮಾಣುಗಳು ಸೂರ್ಯ ಹುಟ್ಟೋಕೂ ಮುಂಚಿನವು, ಸಿಡಿದು ಹೋದ ನಕ್ಷತ್ರಗಳಿಂದ ಬಂದವು. ಸೂರ್ಯನಲ್ಲಿರೋದೂ ಅದೇ ಮೋಡದ ಕಬ್ಬಿಣ. ನಕ್ಷತ್ರದ ಬೆಳಕು ನೋಡಿ ಅದರ ತಟ್ಟೆಯಲ್ಲಿ ಏನಿತ್ತು ಅಂತ ಹೇಳೋಕೆ ಧೈರ್ಯ ಬರೋದು ಇದರಿಂದ.

ಅನುಮಾನದ ಪಕ್ಷ
ಅಲ್ಲೇ ನನ್ನ ಎರಡನೇ ಅನುಮಾನ. ನಕ್ಷತ್ರದ ಮೇಲ್ಪದರದ ಕಬ್ಬಿಣ ಹುಟ್ಟಿನಿಂದ ಬಂದಿದ್ದೇ ಅಂತ ಏನು ಗ್ಯಾರಂಟಿ? ಗ್ರಹಗಳನ್ನ ನುಂಗಿರಬಹುದಲ್ಲ. ದೈತ್ಯ ಗ್ರಹ ಒಳಗೆ ಸರಿದು ಬರುವಾಗ ಚಿಕ್ಕಪುಟ್ಟವನ್ನೆಲ್ಲಾ ನಕ್ಷತ್ರಕ್ಕೆ ತಳ್ಳುತ್ತೆ, ಅದರ ಮೈಮೇಲೆ ಕಬ್ಬಿಣ ಕಾಣುತ್ತೆ. ಅಂದ್ರೆ ಗ್ರಹ ಇದ್ದಿದ್ದಕ್ಕೆ ಕಬ್ಬಿಣ, ಕಬ್ಬಿಣ ಇದ್ದಿದ್ದಕ್ಕೆ ಗ್ರಹ ಅಲ್ಲ.

ಕುಂದವಾಡ ವಾಕಿಂಗ್
ಇದು ಗಟ್ಟಿ ಪಾಯಿಂಟ್ ಅಲ್ವಾ?

ರೋಹಿತದ ಗೆರೆ
ಗಟ್ಟಿಯೇ, ಅದನ್ನ ಪರೀಕ್ಷೆನೂ ಮಾಡಿದಾರೆ. ಸೂರ್ಯನಂಥ ನಕ್ಷತ್ರದಲ್ಲಿ ಕುದ್ದು ಕಲಸಿಕೊಳ್ಳೋ ಹೊರಪದರ ತೆಳು, ಸೂರ್ಯನಲ್ಲಿ ಅದರ ತೂಕ ಒಟ್ಟಿನ ಶೇ. 2ರಷ್ಟು. ನುಂಗಿದ ಕಬ್ಬಿಣ ಆ ಪದರದಲ್ಲೇ ಉಳಿದರೆ ಎದ್ದು ಕಾಣುತ್ತೆ. ನಕ್ಷತ್ರಕ್ಕೆ ವಯಸ್ಸಾಗಿ ಉಬ್ಬೋಕೆ ಶುರುವಾದಾಗ ಆ ಪದರ ಆಳಕ್ಕೆ ಇಳಿಯುತ್ತೆ. ಆಗ ಮೇಲಿನ ಕಬ್ಬಿಣ ಒಳಗಿನದರ ಜೊತೆ ಬೆರೆತು ತೆಳುವಾಗಬೇಕಿತ್ತು. ಫಿಶರ್ ಮತ್ತು ವ್ಯಾಲೆಂಟಿ ಅಂಥ ವಯಸ್ಸಾದ ನಕ್ಷತ್ರಗಳನ್ನೂ ನೋಡಿದರು, ಗ್ರಹ ಇರೋ ಕಡೆ ಕಬ್ಬಿಣ ತೆಳುವಾಗಿರಲಿಲ್ಲ. ಅಂದ್ರೆ ಬುಡದಿಂದ ತುದಿಯವರೆಗೂ ಇರೋ ಕಬ್ಬಿಣ ಅದು, ಹುಟ್ಟಿನಿಂದಲೇ.

ನುಂಗೋದೇ ಇಲ್ಲ ಅಂತಲ್ಲ. ಕ್ರೋನಸ್ ಅಂತ ಅಡ್ಡಹೆಸರು ಕೊಟ್ಟಿರೋ ನಕ್ಷತ್ರ ಒಂದಿದೆ, ಜೊತೆಗಾರ ಕ್ರಿಯೋಸ್. ಎರಡೂ ಒಂದೇ ಮೋಡದಲ್ಲಿ ಹುಟ್ಟಿದವು, ಆದ್ರೂ ಕ್ರೋನಸ್‌ನಲ್ಲಿ ಕಲ್ಲು, ಕಬ್ಬಿಣದ ಧಾತುಗಳು ಮಾತ್ರ ಜಾಸ್ತಿ. ಸುಮಾರು 15 ಭೂಮಿ ತೂಕದ ಕಲ್ಲಿನ ಗ್ರಹಗಳನ್ನ ನುಂಗಿರಬೇಕು ಅಂತ 2017ರಲ್ಲಿ ಲೆಕ್ಕ ಹಾಕಿದರು. ಅಂಥವು ಅಲ್ಲೊಂದು ಇಲ್ಲೊಂದು ಇರ್ತವೆ, ಅಷ್ಟರಿಂದ ಇಡೀ ಪಟ್ಟಿಯನ್ನ ವಿವರಿಸೋಕೆ ಆಗಲ್ಲ.

ಹಳೇಪೇಟೆ ಮಂಡಕ್ಕಿ
15 ಭೂಮಿ ನುಂಗಿ ನೀರು ಕುಡಿದೋನು! ನಾವಿಲ್ಲಿ ಎರಡನೇ ಬೆಣ್ಣೆ ದೋಸೆಗೇ ಕೈ ಎತ್ತತೀವಿ.

ಚಳ್ಳಕೆರೆ ಶೇಂಗಾ
ದೋಸೆ ಅಂದ್ರೆ ನೆನಪಾಯ್ತು, ಹೊಸ ಬಸ್ ಸ್ಟ್ಯಾಂಡ್ ಹತ್ರ ಈಗ ಯಾವುದು ಚೆನ್ನಾಗೈತೆ?

ನಿರ್ವಾಹಕ
ದೋಸೆಗೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿ ಹೋಗಿ. ಅಲ್ಲಿ ಈಗಾಗಲೇ ಜಗಳ ನಡೀತಿದೆ.

ಸೂಳೆಕೆರೆ ಕೋಡಿ
ತಿರುಳು ಮೊದಲು, ಅನಿಲ ಆಮೇಲೆ ಅನ್ನೋದು ಒಂದೇ ದಾರಿ ಅನ್ನೋ ಥರ ಮಾತಾಡ್ತಿದೀರಿ. ತಟ್ಟೆ ಸಾಕಷ್ಟು ತೂಕವಾಗಿದ್ದು ತಣ್ಣಗಿದ್ರೆ ಅದರ ಒಂದು ಭಾಗ ತನ್ನ ಗುರುತ್ವಕ್ಕೆ ತಾನೇ ಕುಸಿದು ನೇರವಾಗಿ ದೈತ್ಯ ಗ್ರಹ ಆಗಬಹುದು. ಅಲನ್ ಬಾಸ್ 1997ರಿಂದ ಹೇಳ್ತಿರೋದು ಇದನ್ನೇ. ಇದಕ್ಕೆ ಕಬ್ಬಿಣದ ಹಂಗಿಲ್ಲ, ಲಕ್ಷಾಂತರ ವರ್ಷ ಕಾಯೋ ಹಾಗೂ ಇಲ್ಲ. ಎಚ್‌ಆರ್ 8799 ನೋಡಿ. ನಾಲ್ಕು ದೈತ್ಯ ಗ್ರಹಗಳು, ಅವುಗಳ ಚಿತ್ರಾನೇ ತೆಗೆದಿದಾರೆ. ನಕ್ಷತ್ರದ ಮೇಲೆ ಕಬ್ಬಿಣ ಸೂರ್ಯನಿಗಿಂತ ಕಡಿಮೆ.

ರೋಹಿತದ ಗೆರೆ
@ಸೂಳೆಕೆರೆ ಕೋಡಿ ಆ ನಕ್ಷತ್ರದ ಮೇಲ್ಪದರ ಮೋಸ ಮಾಡುತ್ತೆ. ಅದು ಲ್ಯಾಮ್ಡಾ ಬೂಟಿಸ್ ಜಾತಿಯದು. ಮೇಲೆ ಕಬ್ಬಿಣ ಕಮ್ಮಿ, ಇಂಗಾಲ ಮತ್ತು ಆಮ್ಲಜನಕ ಸೂರ್ಯನ ಮಟ್ಟದಲ್ಲೇ. ಒಳಗೂ ಹಾಗೇ ಇದೆ ಅಂತ ಹೇಳೋಕೆ ಬರಲ್ಲ.

ನಿಮ್ಮ ಮಾತಿಗೆ ಪುಷ್ಟಿ ಕೊಡೋದು ಬೇರೆ ಕಡೆ ಇದೆ. 2018ರಲ್ಲಿ ಕೆವಿನ್ ಶ್ಲಾಫ್‌ಮನ್ ತೋರಿಸಿದ್ದು: ಗುರುವಿನ ನಾಲ್ಕರಷ್ಟು ತೂಕಕ್ಕಿಂತ ಕೆಳಗಿನ ಗ್ರಹಗಳಿಗೆ ಕಬ್ಬಿಣ ಜಾಸ್ತಿ ಇರೋ ನಕ್ಷತ್ರವೇ ಇಷ್ಟ. ಹತ್ತರಷ್ಟು ದಾಟಿದವುಗಳಿಗೆ ಆ ಹಟವೇ ಇಲ್ಲ, ಯಾವ ನಕ್ಷತ್ರವಾದ್ರೂ ಸರಿ. ಭಾರಿ ತೂಕದವು ತಟ್ಟೆ ಕುಸಿದು ಆದವು, ಸಾಮಾನ್ಯ ಗುರುಗಳು ತಿರುಳಿನ ದಾರಿಯಲ್ಲಿ ಆದವು ಅಂತ ಅವರ ವಾದ. ಅದರಲ್ಲಿ ನನಗೂ ನಂಬಿಕೆ ಇದೆ.

ಅನುಮಾನದ ಪಕ್ಷ
ಸರಿ, ಗೋಳಗುಚ್ಛಗಳ (ಹಳೇ ನಕ್ಷತ್ರಗಳು ಉಂಡೆಯಂತೆ ಒತ್ತಾಗಿ ಸೇರಿರೋ ಗುಂಪುಗಳ) ಕಥೆ ಹೇಳಿ. ಎಂ4 ಗುಚ್ಛದಲ್ಲಿ ಪಲ್ಸಾರ್ ಮತ್ತು ಶ್ವೇತಕುಬ್ಜ, ಅಂದ್ರೆ ಸತ್ತ ನಕ್ಷತ್ರಗಳ ಎರಡು ಉಳಿಕೆ, ಎರಡನ್ನೂ ಸುತ್ತೋ ಗ್ರಹ ಒಂದಿದೆ. ಗುರುವಿನ ಎರಡೂವರೆ ಪಟ್ಟು ತೂಕ, ವಯಸ್ಸು ಸುಮಾರು 1,270 ಕೋಟಿ ವರ್ಷ, ಅಲ್ಲಿ ಭಾರದ ಧಾತುಗಳು ಸೂರ್ಯನಲ್ಲಿರೋದರ ಸಣ್ಣ ತುಣುಕು ಅಷ್ಟೆ. ಕಬ್ಬಿಣ ಇಲ್ಲದೇ ಅದು ಹೆಂಗೆ ಹುಟ್ತು?

ಜೋಗಿಮಟ್ಟಿ ಗಾಳಿ
ಒಂದು ಗ್ರಹದಿಂದ ಸಂಭವದ ಲೆಕ್ಕ ಮುರಿಯಲ್ಲ ಮಹಾರಾಯ. ಶೇ. 3 ಅಂದ್ರೆ ಸೊನ್ನೆ ಅಲ್ಲ. ಅದೂ ಅಲ್ಲದೆ 47 ಟುಕಾನೆ ಗುಚ್ಛವನ್ನ 1999ರಲ್ಲಿ ಹಬಲ್ 8 ದಿನ ಬಿಡದೇ ನೋಡಿತ್ತು. 34,000 ನಕ್ಷತ್ರ. ಸೂರ್ಯನ ನೆರೆಹೊರೆಯ ಹಾಗೇ ಇದ್ದಿದ್ರೆ 17 ಗ್ರಹ ಸಿಗಬೇಕಿತ್ತು, ಒಂದೂ ಸಿಗಲಿಲ್ಲ. ಅಲ್ಲಿ ಕಬ್ಬಿಣ ಸೂರ್ಯನದರ ಐದನೇ ಒಂದು ಪಾಲು.

ಸೂಳೆಕೆರೆ ಕೋಡಿ
ಸರ್, ಆ 17 ಹಳೇ ಲೆಕ್ಕ. 2017ರಲ್ಲಿ ಮಸುಡ ಮತ್ತು ವಿನ್ ಅನ್ನೋರು ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ಅಂಕಿಗಳನ್ನ ಇಟ್ಕೊಂಡು ಮತ್ತೆ ಹಾಕಿ ನೋಡಿದ್ರು, ಸಿಗಬೇಕಿದ್ದಿದ್ದು ಎರಡರ ಆಸುಪಾಸು ಅಂತ ಬಂತು. ಎರಡು ಸಿಗಬೇಕಾದ ಕಡೆ ಸೊನ್ನೆ ಸಿಕ್ರೆ ಅದರಿಂದ ಏನೂ ಸಾಬೀತಾಗಲ್ಲ. ಗುಚ್ಛದಲ್ಲಿ ನಕ್ಷತ್ರಗಳು ಒತ್ತೊತ್ತಾಗಿ ಇರೋದ್ರಿಂದ ತಟ್ಟೆ ಹಾಳಾಗಿರೋ ಸಾಧ್ಯತೆ ಬೇರೆ ಇದೆ.

ಜೋಗಿಮಟ್ಟಿ ಗಾಳಿ
ಅದನ್ನ ಬಿಟ್ಟರೂ 1,040 ನಕ್ಷತ್ರಗಳ ಲೆಕ್ಕ ನಿಂತೇ ಇರುತ್ತೆ. ನನ್ನ ವಾದಕ್ಕೆ ಗುಚ್ಛದ ಊರುಗೋಲು ಬೇಕಿಲ್ಲ.

ಹಳೇಪೇಟೆ ಮಂಡಕ್ಕಿ
ಅಯ್ಯಪ್ಪಾ, ಲೆಕ್ಕದ ಮ್ಯಾಲ ಲೆಕ್ಕ. ನಮ್ಮ ದೇಶದೋರು ಏನರ ಹುಡುಕ್ಯಾರೇನ್ರಿ, ಇಲ್ಲಾ ಬರೀ ಅವರೇನಾ?

ರೋಹಿತದ ಗೆರೆ
ಹುಡುಕಿದಾರೆ! ಮೌಂಟ್ ಅಬುವಿನ ಗುರುಶಿಖರದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ದೂರದರ್ಶಕಗಳಿವೆ, ಅವಕ್ಕೆ ಪಾರಸ್ ಮತ್ತು ಪಾರಸ್-2 ರೋಹಿತದರ್ಶಕ. 2024ರಲ್ಲಿ ಅವರು ಹೇಳಿದ ಟಿಒಐ-6651ಬಿ ಅನ್ನೋ ಗ್ರಹ ಈ ಚರ್ಚೆಗೆ ಹೇಳಿ ಮಾಡಿಸಿದ್ದು. ಸುಮಾರು 60 ಭೂಮಿ ತೂಕ, ಅಗಲ ಭೂಮಿಯ ಐದು ಪಟ್ಟು, ಐದೇ ದಿನಕ್ಕೊಂದು ಸುತ್ತು. ಆ ತೂಕದಲ್ಲಿ ಶೇ. 87ರಷ್ಟು ಕಲ್ಲು, ಕಬ್ಬಿಣದಂಥ ಗಟ್ಟಿ ಪದಾರ್ಥ ಇರಬೇಕು ಅಂತ ಅಂದಾಜು. ನಕ್ಷತ್ರದಲ್ಲೂ ಕಬ್ಬಿಣ ಸೂರ್ಯನಿಗಿಂತ ಜಾಸ್ತಿ. ಸಂತೆಗೆ ಅಷ್ಟೊಂದು ಬಂಡವಾಳ ತಂದೂ ಸರಕು ಸಿಗದೇ ಹೋಯ್ತೋ, ಸಿಕ್ಕಿದ್ದನ್ನ ಆಮೇಲೆ ಕಳ್ಕೊಳ್ತೋ, ಅದು ಇನ್ನೂ ಬಗೆಹರಿಯಬೇಕು.

ಇನ್ನೊಂದು, ಅನುಮಾನದ ಪಕ್ಷದವರು ಬೈದ ಎನ್2ಕೆ ತಂಡದ್ದೇ ಕೊಡುಗೆ. ಅವರು 2006ರಲ್ಲಿ ಕಂಡುಹಿಡಿದ ಎಚ್‌ಡಿ 86081ರ ಗ್ರಹಕ್ಕೆ ಹೆಸರಿಡೋ ಅವಕಾಶ 2019ರಲ್ಲಿ ಭಾರತಕ್ಕೆ ಸಿಕ್ಕಿತು. ನಕ್ಷತ್ರ ಬಿಭಾ, ವಿಜ್ಞಾನಿ ಬಿಭಾ ಚೌಧುರಿ ನೆನಪಿಗೆ. ಗ್ರಹ ಸಂತಮಸ. ಸೂರ್ಯನಿಗಿಂತ ಕಬ್ಬಿಣ ಜಾಸ್ತಿ ಇರೋ ನಕ್ಷತ್ರ ಅದು, ಗ್ರಹದ ವರ್ಷ ಎರಡು ದಿನ ಚಿಲ್ಲರೆ.

ತೋಳಹುಣಸೆ ಬಸ್
ಸೂಪರ್ ಅಕ್ಕ, ಇದು ಸ್ಲೈಡಿಗೆ ಹೋಯ್ತು. ನನ್ನ ಇನ್ನೊಂದು ಪ್ರಶ್ನೆ ಹಂಗೇ ಉಳಿದಿದೆ. ಕಬ್ಬಿಣ ಜಾಸ್ತಿ ಇದ್ರೆ ಭೂಮಿಯಂಥವೂ ಜಾಸ್ತಿ ಆಗ್ಬೇಕಲ್ವಾ?

ಜೋಗಿಮಟ್ಟಿ ಗಾಳಿ
ಭೂಮಿಯಂಥದ್ದಕ್ಕೆ ಬೇಕಿರೋದು ಒಂದು ಭೂಮಿಯಷ್ಟು ಸರಂಜಾಮು. ಬಡ ತಟ್ಟೆಯಲ್ಲೂ ಅಷ್ಟು ಹುಟ್ಟುತ್ತೆ. ಅನಿಲ ಹಿಡಿಯೋ ಆತುರವೂ ಅದಕ್ಕಿಲ್ಲ, ತಟ್ಟೆ ಕರಗಿದ ಮೇಲೂ ನಿಧಾನಕ್ಕೆ ಡಿಕ್ಕಿ ಹೊಡೆದು ಬೆಳೆಯಬಹುದು. 2012ರಲ್ಲಿ ಬುಕಾವೆ ಮತ್ತು ತಂಡ ಕೆಪ್ಲರ್ ಕಂಡ 226 ಸಂಭಾವ್ಯ ಗ್ರಹಗಳ ನಕ್ಷತ್ರಗಳನ್ನ ಅಳೆದು ಇದನ್ನೇ ಹೇಳಿದ್ದು. ಸಣ್ಣ ಗ್ರಹಗಳು ಕಬ್ಬಿಣ ಕಡಿಮೆ, ಜಾಸ್ತಿ ಎರಡೂ ಥರದ ನಕ್ಷತ್ರಗಳ ಸುತ್ತ ಇವೆ. ಕಬ್ಬಿಣದ ಬಗ್ಗೆ ಹಟ ಹಿಡಿಯೋದು ದೊಡ್ಡವೇ.

ಕುಂದವಾಡ ವಾಕಿಂಗ್
ಈ 51 ಪೆಗಾಸಿಯನ್ನ ಬರಿಗಣ್ಣಲ್ಲಿ ನೋಡಬಹುದಾ? ನಮ್ಮ ಏರಿಯಾದ ಲೈಟುಗಳಲ್ಲಿ ಚಂದ್ರನ್ನ ಬಿಟ್ಟು ಏನೂ ಕಾಣಲ್ಲ.

ಚಳ್ಳಕೆರೆ ಶೇಂಗಾ
ನಮ್ ಕಡೆ ಕಾವಲಿಗೆ ಬನ್ನಿ ಅಣ್ಣ, ಕತ್ತಲು ಧಂಡಿಯಾಗಿ ಐತೆ. ಆದ್ರೆ ವಿಜ್ಞಾನ ಸಂಸ್ಥೆಗಳ ಬೇಲಿ ಹತ್ರ ಟಾರ್ಚ್ ಹಿಡ್ಕೊಂಡು ತಿರುಗಬೇಡಿ, ಸೆಕ್ಯುರಿಟಿಯವರು ಆಕಾಶ ನೋಡೋಕೆ ಬಂದೆ ಅಂದ್ರೆ ನಂಬಲ್ಲ.

ಜೋಗಿಮಟ್ಟಿ ಗಾಳಿ
ದೀಪಾವಳಿ ಹೊತ್ತಿಗೆ ಸಂಜೆ ಕತ್ತಲಾದ ಮೇಲೆ ತಲೆ ಎತ್ತಿದರೆ ಪೂರ್ವಾಭಾದ್ರ, ಉತ್ತರಾಭಾದ್ರದ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತೆ. ಪೂರ್ವಾಭಾದ್ರದ ಎರಡು ನಕ್ಷತ್ರಗಳ ನಡುಮಧ್ಯೆ, ಚೌಕದಿಂದ ಸ್ವಲ್ಪ ಹೊರಗೆ ಪಶ್ಚಿಮಕ್ಕೆ. ಮಸುಕಾಗಿರುತ್ತೆ, ಕಣ್ಣು ಚೆನ್ನಾಗಿದ್ದು ಕತ್ತಲಿದ್ದರೆ ಸಿಗುತ್ತೆ, ಬೈನಾಕ್ಯುಲರ್ ಇದ್ದರೆ ಕಷ್ಟವೇ ಇಲ್ಲ. ಅದರಲ್ಲೂ ಕಬ್ಬಿಣ ಸೂರ್ಯನದಕ್ಕಿಂತ ಒಂದೂವರೆ ಪಟ್ಟು.

ಅನುಮಾನದ ಪಕ್ಷ
ಕೊನೇದು. ಟಿಒಐ-5205. ಸೂರ್ಯನ ತೂಕದ ಶೇ. 40ರಷ್ಟೂ ಇಲ್ಲದ ಕೆಂಪು ಕುಬ್ಜ ನಕ್ಷತ್ರ, ಸುತ್ತ ಗುರುವಿನಷ್ಟೇ ದೊಡ್ಡ ಗ್ರಹ. 2023ರಲ್ಲಿ ಶುಭಂ ಕನೋಡಿಯಾ ತಂಡ ಖಚಿತಪಡಿಸಿದ್ದು. ಎದುರಿಗೆ ಹಾದಾಗ ನಕ್ಷತ್ರದ ಬೆಳಕಲ್ಲಿ ಶೇ. 7ರಷ್ಟು ಮುಚ್ಚಿಹೋಗುತ್ತೆ. ಜೋಗಿಮಟ್ಟಿ ಸರ್ ಲೆಕ್ಕದಲ್ಲೇ ಹೋದರೆ ಆ ತಟ್ಟೆಯಲ್ಲಿ ಗಟ್ಟಿ ಪದಾರ್ಥ 13 ಭೂಮಿ. ಅದರಲ್ಲಿ 10ನ್ನ ಎಲ್ಲಿಂದ ತಂದ್ರಿ?

ಜೋಗಿಮಟ್ಟಿ ಗಾಳಿ
ನಾನು ಶೇ. 1 ಅಂತ ಇಟ್ಕೋ ಅಂದಿದ್ದು. ಆ ತಟ್ಟೆ ಶೇ. 10 ಇದ್ದಿರಬಹುದು.

ಅನುಮಾನದ ಪಕ್ಷ
ಶೇ. 10 ಇದ್ರೆ ತಾನೇ ಕುಸಿಯುತ್ತೆ, ತಿರುಳೇ ಬೇಡ. ಸೂಳೆಕೆರೆಯವರು ಗೆದ್ರು.

ಸೂಳೆಕೆರೆ ಕೋಡಿ
ನನ್ನನ್ನ ಎಳೀಬೇಡಿ, ಕುಸಿದು ಆದ ಗ್ರಹ ಅಷ್ಟು ಹತ್ತಿರ ಹೆಂಗೆ ಬಂತು ಅಂತ ನನ್ನನ್ನೇ ಕೇಳ್ತಾರೆ.

ರೋಹಿತದ ಗೆರೆ
ಕೆಂಪು ಕುಬ್ಜಗಳ ರೋಹಿತದಲ್ಲಿ ಅಣುಗಳ ಪಟ್ಟೆಗಳೇ ತುಂಬಿರೋದ್ರಿಂದ ಕಬ್ಬಿಣ ಅಳೆಯೋದೇ ದೊಡ್ಡ ರಾಮಾಯಣ, ಇಲ್ಲಿ ಮುಗಿಯಲ್ಲ. ಬೇರೆ ಎಳೆ ತೆಗೆದಿದೀನಿ, ಅಲ್ಲಿಗೆ ಬನ್ನಿ. @ತೋಳಹುಣಸೆ ಬಸ್ 47 ಟುಕಾನೆ ಹಾಕೋದಾದ್ರೆ 17 ಮತ್ತು 2, ಎರಡೂ ಲೆಕ್ಕ ಹಾಕು. ಯಾರಾದ್ರೂ ಕೇಳೇ ಕೇಳ್ತಾರೆ.